ನಾಳೆ ಬಸ್ಸು ಬರುವುದೇ?

ಸಾರಿಗೆ ನೌಕರರು ಮುಷ್ಕರದ ನೋಟೀಸು ಕೊಟ್ಟಿದ್ದಾರೆಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನದಿಂದ ನಮ್ಮ ಕಡೆಯ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲಿಯೂ ಒಂದೇ ಪ್ರಶ್ನೆ ಕೇಳಿಬರುವುದು: “ನಾಳೆ ಬಸ್ಸು ಬರುತ್ತದೆಯೇ?” ಟೀ ಅಂಗಡಿಯಲ್ಲಿಯೂ ಇದೇ ಮಾತು, ಹಾಲಿನ ಸೊಸೈಟಿಯ ಮುಂದೆಯೂ ಇದೇ ಮಾತು. ಉತ್ತರ ಕೊಡಬಲ್ಲವರು ಮಾತ್ರ ಯಾರೂ ಇರುವುದಿಲ್ಲ. ರಾತ್ರಿ ಊರಿಗೆ ಬಂದು ತಂಗಿ, ಬೆಳಗಿನ ಜಾವ ಹೊರಡುವ ಬಸ್ಸಿನ ಚಾಲಕನನ್ನು ಕೇಳಿದರೆ, “ನಮಗೂ ತಿಳಿಯದು ಸಾರ್, ಡಿಪೋದಲ್ಲಿ ಏನು ಹೇಳುತ್ತಾರೋ ನೋಡಬೇಕು” ಎಂದು ಹೇಳಿ ಕಂಬಳಿ ಹೊದ್ದು ಮಲಗಿಬಿಡುತ್ತಾನೆ. ಅವನದೂ ತಪ್ಪಲ್ಲ.

ಸಾರ್ವಜನಿಕ ಉಪಯೋಗದ ಸೇವೆಗಳಲ್ಲಿರುವವರು ಮುಂಗಡವಾಗಿ ತಿಳಿಸದೆ ಮುಷ್ಕರ ಹೂಡಬಾರದು, ನೋಟೀಸು ಕೊಟ್ಟ ಮೇಲೆ 14 ದಿನಗಳು ಕಳೆಯಬೇಕು, ಸಂಧಾನ ನಡೆಯುತ್ತಿರುವಾಗ ಕೆಲಸ ನಿಲ್ಲಿಸಕೂಡದು ಎಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆ ವಿಧಿಸಿತ್ತು. 2025ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಈ 14 ದಿನಗಳ ನಿಯಮ ಉಳಿದುಕೊಂಡಿದೆ. ಮಾತುಕತೆಗೆ ಅವಕಾಶವಾಗಲೆಂದು ಕಾನೂನು ಇಟ್ಟ ಅವಧಿಯಿದು. ಆದರೆ ಬಸ್ಸನ್ನೇ ನಂಬಿದವನ ಪಾಲಿಗೆ ಇವು ಹದಿನಾಲ್ಕು ದಿನಗಳ ಚಿಂತೆ. ಆಸ್ಪತ್ರೆಗೆ ಹೋಗಬೇಕಾದವನು ಮುಂದಿನ ವಾರದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಈ ವಾರವೇ ಹೋಗಿಬಿಡಲೇ ಎಂದು ಕೇಳುತ್ತಾನೆ. ಪೇಟೆಯ ಜವಳಿ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗಿ ಸಂಬಂಧಿಕರ ಮನೆಯಲ್ಲಿ ನಾಲ್ಕು ದಿನ ಉಳಿದುಕೊಳ್ಳಬಹುದೇ ಎಂದು ವಿಚಾರಿಸತೊಡಗುತ್ತಾಳೆ. ಮುಷ್ಕರ ಕಡೆಗೆ ನಡೆಯದೆಯೇ ಹೋಗಬಹುದು. ಆದರೂ ಅದರ ಕಷ್ಟದಲ್ಲಿ ಕಾಲುಪಾಲು ಆಗಲೇ ಅನುಭವಿಸಿದಂತಾಗಿರುತ್ತದೆ.

ನಮ್ಮ ಸೀಮೆಯಲ್ಲಿ ಬಸ್ಸಿಗೆ ಇಷ್ಟು ಮಹತ್ವವೇಕೆಂದು ದೂರದ ವಾಚಕರು ಕೇಳಬಹುದು. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿಯೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಯೂ ಬೇರೆಯಾದವಷ್ಟೆ. ಈ ಹಳೆಯ ಸೇಲಂ ಸೀಮೆಯ ಉದ್ದಗಲಕ್ಕೆ, ಮೇಟ್ಟೂರು, ಕೊಳತ್ತೂರುಗಳಿಂದ ಹಿಡಿದು ಪೆನ್ನಾಗರಂ, ಪಾಲಕೋಡು, ಡೆಂಕಣಿಕೋಟೆ, ತಳಿಯವರೆಗೆ, ನಮ್ಮ ಕನ್ನಡದ ಮನೆಗಳು ಚದುರಿಕೊಂಡಿವೆ. ರೈಲೆಂಬುದು ಕೆಲವೇ ಊರುಗಳನ್ನು ಮುಟ್ಟಿ ಹೋಗುವ ವಸ್ತು. ಮೊರಪ್ಪೂರಿನಿಂದ ಧರ್ಮಪುರಿಯ ಮಾರ್ಗವಾಗಿ ಹೊಸೂರಿಗೆ ಹೋಗುತ್ತಿದ್ದ ಸಣ್ಣ ಗೇಜಿನ ರೈಲೊಂದಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅದನ್ನು ನಿಲ್ಲಿಸಿಬಿಟ್ಟರು. ಮೊರಪ್ಪೂರು–ಧರ್ಮಪುರಿ ಮಾರ್ಗವನ್ನು ಮತ್ತೆ ಹಾಕಲು 2019ರಲ್ಲಿ ಶಂಕುಸ್ಥಾಪನೆಯಾಯಿತು. ಸೇಲಂನಿಂದ ಧರ್ಮಪುರಿ, ಹೊಸೂರುಗಳ ಮೂಲಕ ಬೆಂಗಳೂರಿಗೆ ಹೋಗುವ ರೈಲುಮಾರ್ಗ ಇದೆಯೆಂಬುದು ನಿಜ. ಪೆನ್ನಾಗರಂ ಕಡೆಯ ಹಳ್ಳಿಯವನಿಗೆ ಆ ರೈಲನ್ನು ಹಿಡಿಯಲು ಧರ್ಮಪುರಿಗೆ ಹೋಗಬೇಕಾದರೆ ಬಸ್ಸೇ ಬೇಕು.

ಬೆಳಗಿನ ಮೊದಲ ಬಸ್ಸನ್ನೊಮ್ಮೆ ನೋಡಿದರೆ ಸಾಕು, ಪೇಟೆಯು ಯಾರಿಂದ ನಡೆಯುತ್ತಿದೆಯೆಂಬುದು ತಿಳಿಯುತ್ತದೆ. ತರಕಾರಿ ಬುಟ್ಟಿಗಳೊಡನೆ ಉಳವರ್ ಸಂತೆಗೆ ಹೊರಟ ಹೆಂಗಸರು, ಗಾರೆಯ ಕೆಲಸಕ್ಕೆ ಹೊರಟ ಮೇಸ್ತ್ರಿ ಮತ್ತು ಅವನ ಕೂಲಿಯಾಳುಗಳು, ಆಸ್ಪತ್ರೆಯಲ್ಲಿ ಕಸ ಗುಡಿಸುವ ಆಯಾಗಳು, ಕಾಲೇಜಿನ ಹುಡುಗರು. ಸೇಲಂ ಕಡೆಗೆ ಬಂದರೆ ಓಮಲೂರು, ಮೇಚ್ಚೇರಿ, ತಾರಮಂಗಲಂ ದಿಕ್ಕಿನಿಂದ ಬರುವವರೆಲ್ಲ ಹೊಸ ಬಸ್ ನಿಲ್ದಾಣದಲ್ಲಿಯೋ ಹಳೆಯ ಬಸ್ ನಿಲ್ದಾಣದಲ್ಲಿಯೋ ಇಳಿದು, ಟೌನ್ ಬಸ್ಸು ಹತ್ತಿ, ಶೆವ್ವಾಪೇಟೆಯ ಮಂಡಿಗಳಿಗೂ ಅಮ್ಮಾಪೇಟೆ, ಗುಗೈಗಳ ಮಗ್ಗದ ಬೀದಿಗಳಿಗೂ ಹಂಚಿಹೋಗುತ್ತಾರೆ. ನೇಯ್ಗೆಯವರಲ್ಲಿ ಪಾವು ತರುವುದಕ್ಕೂ ನೇಯ್ದ ಸೀರೆಯನ್ನು ಒಪ್ಪಿಸಿ ಕೂಲಿ ಪಡೆಯುವುದಕ್ಕೂ ಬಸ್ಸಿನಲ್ಲಿಯೇ ಓಡಾಡುವವರು ಈಗಲೂ ಇದ್ದಾರೆ. ಸೀರೆ ಮುಗಿದಿದ್ದರೂ ಮುಷ್ಕರ ಮುಗಿಯುವವರೆಗೆ ಕೂಲಿ ಕೈಗೆ ಬಾರದು.

ಸರ್ಕಾರದ ಬಸ್ಸುಗಳು ನಮ್ಮ ಕಡೆಗೆ ಬಂದ ಕಥೆ ಹಿರಿಯರಿಗೆ ಗೊತ್ತಿದ್ದುದೇ. 1972ರಿಂದ ತಮಿಳುನಾಡಿನಲ್ಲಿ ಒಂದೊಂದಾಗಿ ಸಾರಿಗೆ ನಿಗಮಗಳು ಹುಟ್ಟಿಕೊಂಡವು. ಸೇಲಂನಲ್ಲಿ 1973ರಲ್ಲಿ ಅಣ್ಣಾ ಸಾರಿಗೆ ನಿಗಮ ಪ್ರಾರಂಭವಾಯಿತು. 1987ರಲ್ಲಿ ಧರ್ಮಪುರಿಯಲ್ಲಿ ಅನ್ನೈ ಸತ್ಯಾ ಸಾರಿಗೆ ನಿಗಮ. 1997ರಲ್ಲಿ ಈ ಹೆಸರುಗಳನ್ನೆಲ್ಲ ತೆಗೆದು, ಇವೆರಡಕ್ಕೂ ತಮಿಳುನಾಡು ರಾಜ್ಯ ಸಾರಿಗೆ ನಿಗಮವೆಂಬ ಒಂದೇ ಹೆಸರನ್ನಿಟ್ಟರು. ಆದರೂ ಖಾಸಗಿ ಬಸ್ಸುಗಳು ನಮ್ಮ ಜಿಲ್ಲೆಗಳಿಂದ ಕಣ್ಮರೆಯಾಗಲಿಲ್ಲ. ಜನಸಂಚಾರ ಹೆಚ್ಚಾಗಿರುವ ಮಾರ್ಗಗಳಲ್ಲಿ ಅವು ಇಂದಿಗೂ ಓಡುತ್ತವೆ, ಮುಷ್ಕರದ ದಿನಗಳಲ್ಲಿಯೂ ಓಡುತ್ತವೆ. ಇದು ದೊಡ್ಡ ಉಪಕಾರವೆಂದು ಪೇಟೆಯವರು ಹೇಳುವುದುಂಟು. ಉಪಕಾರವೇ ಸರಿ, ಯಾರಿಗೆ ಎಂಬುದು ಬೇರೆ ಮಾತು.

2018ರ ಜನವರಿಯ ಮುಷ್ಕರವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೆನೆಯುವುದು ಅವಶ್ಯ. ತಮಿಳುನಾಡಿನ ಸಾರಿಗೆ ನಿಗಮಗಳ ಬಸ್ಸುಗಳು ಆಗ 20,000ಕ್ಕೂ ಮೇಲ್ಪಟ್ಟಿದ್ದವು. ನೌಕರರು ಲಕ್ಷಕ್ಕೂ ಹೆಚ್ಚು. ಸರ್ಕಾರಿ ನೌಕರರ ವೇತನವನ್ನು 2017ರಲ್ಲಿ ಪರಿಷ್ಕರಿಸಿದಾಗ ಹಳೆಯ ಮೂಲವೇತನವನ್ನು 2.57ರಿಂದ ಗುಣಿಸಿದ್ದರು. ನಮಗೂ ಅಷ್ಟೇ ಬೇಕೆಂದು ಸಾರಿಗೆಯವರು ಕೇಳಿದರು, ಸರ್ಕಾರ 2.44 ಎಂದಿತು. ನೋಡಲು ದಶಮಾಂಶದ ಜಗಳ. ಆದರೆ ಹಳೆಯ ಮೂಲವೇತನ 10,000 ರೂಪಾಯಿ ಇದ್ದ ಚಾಲಕನಿಗೆ ಲೆಕ್ಕ ಹಾಕಿದರೆ 25,700ಕ್ಕೂ 24,400ಕ್ಕೂ ನಡುವೆ ತಿಂಗಳಿಗೆ 1,300 ರೂಪಾಯಿಗಳ ಅಂತರ. ಅದು ನಿವೃತ್ತಿಯವರೆಗೂ ಬೆಳೆಯುತ್ತಲೇ ಹೋಗುವ ಅಂತರ. ಜನವರಿ 4ರಂದು ಮಾತುಕತೆ ಮುರಿಯಿತು. ಆ ಸಂಜೆಯೇ ಬಸ್ಸುಗಳು ನಿಂತುಹೋದವು. ಬೆಳಿಗ್ಗೆ ಬಸ್ಸಿನಲ್ಲಿ ಪೇಟೆಗೆ ಹೋಗಿದ್ದವರಿಗೆ ಸಂಜೆ ಮನೆಗೆ ಬರಲು ಬಸ್ಸಿಲ್ಲದಂತಾಯಿತು. ಮರುದಿನ ಮದ್ರಾಸು ಉಚ್ಚ ನ್ಯಾಯಾಲಯ ಕೆಲಸಕ್ಕೆ ಮರಳುವಂತೆ ಆಜ್ಞೆ ಮಾಡಿದರೂ ಮುಷ್ಕರ ನಿಲ್ಲಲಿಲ್ಲ. ಸರ್ಕಾರ ತಾತ್ಕಾಲಿಕ ಚಾಲಕರನ್ನು ತಂದು ಕೆಲವು ಬಸ್ಸುಗಳನ್ನು ಓಡಿಸಿತು. ರೂಢಿಯಿಲ್ಲದ ಕೈಗಳು ಅಲ್ಲಲ್ಲಿ ಅಪಘಾತಕ್ಕೂ ಕಾರಣವಾದವು. ಕಡೆಗೆ 2.44ನ್ನು ಮಧ್ಯಂತರವಾಗಿ ಒಪ್ಪಿ, ಉಳಿದ ವಿಷಯವನ್ನು ನಿವೃತ್ತ ನ್ಯಾಯಮೂರ್ತಿ ಇ. ಪದ್ಮನಾಭನ್ ಅವರ ಮಧ್ಯಸ್ಥಿಕೆಗೆ ಬಿಟ್ಟು, ಜನವರಿ 11ರಂದು ನೌಕರರು ಮುಷ್ಕರವನ್ನು ಹಿಂತೆಗೆದುಕೊಂಡರು.

ಆ ಎಂಟು ದಿನಗಳಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ನಮ್ಮ ಶಾಲೆ ಎಂಟನೆಯ ತರಗತಿಯವರೆಗಿನದು. ಅಲ್ಲಿಂದ ಮುಂದೆ ಓದಬೇಕಾದವರು ಪೇಟೆಯ ಶಾಲೆಗೆ ಬಸ್ಸಿನಲ್ಲಿ ಹೋಗಬೇಕು. ತಮಿಳುನಾಡು ಸರ್ಕಾರ ಶಾಲಾಮಕ್ಕಳಿಗೆ ಉಚಿತ ಬಸ್ ಪಾಸು ಕೊಡುತ್ತಿರುವುದು ಬಹಳ ಕಾಲದಿಂದ ನಡೆದುಬಂದಿರುವ ಒಳ್ಳೆಯ ಕೆಲಸ. ಅದಿಲ್ಲದಿದ್ದರೆ ನಮ್ಮ ಊರಿನ ಎಷ್ಟು ಹೆಣ್ಣುಮಕ್ಕಳು ಒಂಬತ್ತನೆಯ ತರಗತಿಯ ಬಾಗಿಲನ್ನು ಕಾಣುತ್ತಿದ್ದರೋ ಹೇಳಲಾರೆವು. ಆದರೆ ಈ ಪಾಸು ಸರ್ಕಾರದ ಬಸ್ಸಿನಲ್ಲಿ ಮಾತ್ರ ನಡೆಯುತ್ತದೆ. ಮುಷ್ಕರದ ದಿನ ರಸ್ತೆಯಲ್ಲಿ ಖಾಸಗಿ ಬಸ್ಸು ಬಂದೇ ಬಂತು. ಹಣ ಕೊಡಬಲ್ಲವನು ಹತ್ತಿಕೊಂಡು ಹೋದ. ಪಾಸನ್ನು ಹಿಡಿದುಕೊಂಡ ಹುಡುಗಿ ದಾರಿಬದಿಯಲ್ಲಿ ನಿಂತಳು. ಹೋಗಲು ಬರಲು ಎರಡು ಹೊತ್ತಿನ ಟಿಕೆಟ್ಟು, ಅದರ ಮೇಲೆ ಷೇರ್ ಆಟೋದವನು ಕೇಳಿದಷ್ಟು. ಎರಡು ಮಕ್ಕಳಿರುವ ಕೂಲಿಯವನು ದಿನಾ ಅದನ್ನು ಎಲ್ಲಿಂದ ತರಬೇಕು? ಆ ವಾರ ಒಂದು ಮನೆಯಲ್ಲಿ ತಂದೆ ಮಗನ ಕೈಗೆ ಟಿಕೆಟ್ಟಿನ ಹಣ ಕೊಟ್ಟು, “ನೀನು ಹೋಗು, ಅಕ್ಕ ಬಸ್ಸು ಬಂದ ಮೇಲೆ ಹೋಗಲಿ” ಎಂದುದನ್ನು ನಾವೇ ಕೇಳಿದೆವು. ಅಕ್ಕ ಹತ್ತನೆಯ ತರಗತಿಯವಳು. ಮಾರ್ಚಿ ತಿಂಗಳಲ್ಲಿ ಅವಳಿಗೆ ಸಾರ್ವತ್ರಿಕ ಪರೀಕ್ಷೆ. ತಮ್ಮನಿಗೆ ಅಂಥ ಪರೀಕ್ಷೆ ಯಾವುದೂ ಇರಲಿಲ್ಲ.

ಆ ವರ್ಷ ಹತ್ತು, ಹನ್ನೆರಡನೆಯ ತರಗತಿಗಳ ಜೊತೆಗೆ ಹನ್ನೊಂದನೆಯದಕ್ಕೂ ಮೊದಲ ಬಾರಿಗೆ ಸಾರ್ವತ್ರಿಕ ಪರೀಕ್ಷೆಯನ್ನಿಟ್ಟಿದ್ದರು. ಮುಷ್ಕರ ಮುಗಿದೊಡನೆ ಪೊಂಗಲ್ ರಜೆ. ಹೀಗೆ ಎಂಟು ದಿನದ ಮುಷ್ಕರ ಕೆಲವು ಮಕ್ಕಳ ಪಾಲಿಗೆ ಎರಡು ವಾರದ ಗೈರುಹಾಜರಿಯಾಯಿತು. ಉಪಾಧ್ಯಾಯರ ಕಷ್ಟವೂ ಇತ್ತು. ಧರ್ಮಪುರಿಯಿಂದ ಬರುತ್ತಿದ್ದ ನಮ್ಮ ಸಹೋದ್ಯೋಗಿಗಳಲ್ಲಿ ಇಬ್ಬರು ಒಂದೇ ದ್ವಿಚಕ್ರವಾಹನದಲ್ಲಿ ಬಂದರು. ಅದನ್ನು ಕಷ್ಟವೆಂದು ಬರೆಯಲು ನಮಗೆ ಸಂಕೋಚ. ತಿಂಗಳ ಸಂಬಳದವರು ಹೇಗಾದರೂ ದಾರಿ ಮಾಡಿಕೊಳ್ಳುತ್ತಾರೆ.

2021ರ ಮೇ 8ರಿಂದ ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತಲ್ಲ, ಅಂದಿನಿಂದ ಈ ಸಮಸ್ಯೆ ಇನ್ನೂ ಹರಡಿಕೊಂಡಿದೆ. ದಿನಗೂಲಿಯ ಹೆಂಗಸರು ಉಳಿದ ಆ ಹಣವನ್ನು ಮನೆಯ ಲೆಕ್ಕದಲ್ಲಿ ಆಗಲೇ ಸೇರಿಸಿಬಿಟ್ಟಿದ್ದಾರೆ. ಹಾಲಿಗೋ ಚೀಟಿಯ ಕಂತಿಗೋ ಅದು ಹೋಗುತ್ತಿದೆ. ಸರ್ಕಾರದ ಬಸ್ಸು ನಿಂತ ದಿನ ಆಕೆಯ ಕೂಲಿಯಿಂದ ಬಸ್ಸಿನ ಹಣ ಕಳೆಯಬೇಕಾಗುತ್ತದೆ, ಇಲ್ಲವೇ ಕೂಲಿಯನ್ನೇ ಬಿಡಬೇಕಾಗುತ್ತದೆ. ಉಚಿತ ಸೌಲಭ್ಯ ಕೊಟ್ಟದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಯಾರಿಗೆ ಬಸ್ಸಿನ ಅಗತ್ಯ ಹೆಚ್ಚೋ ಅವರನ್ನೇ ನಿಗಮದ ಬಸ್ಸಿಗೆ ಕಟ್ಟಿಹಾಕಿದ ಮೇಲೆ, ಆ ಬಸ್ಸು ನಿಂತ ದಿನ ಅವರಿಗೇನು ಏರ್ಪಾಡು ಎಂಬುದನ್ನು ಯೋಚಿಸಿದವರು ಕಾಣುವುದಿಲ್ಲ.

2024ರ ಜನವರಿಯದು ಇನ್ನೊಂದು ಬಗೆ. ನಿವೃತ್ತರಿಗೆ ವರ್ಷಗಟ್ಟಲೆ ನಿಂತಿದ್ದ ತುಟ್ಟಿಭತ್ಯೆಯ ಬಾಕಿ, ಖಾಲಿ ಹುದ್ದೆಗಳ ಭರ್ತಿ, ಹೊಸ ವೇತನ ಒಪ್ಪಂದ ಮುಂತಾದ ಬೇಡಿಕೆಗಳನ್ನಿಟ್ಟು ಕೆಲವು ಸಂಘಗಳು ಜನವರಿ 9ರಿಂದ ಮುಷ್ಕರಕ್ಕೆ ಇಳಿದವು. ಆಳುವ ಪಕ್ಷಕ್ಕೆ ಸೇರಿದ ಸಂಘ ಅದರಲ್ಲಿ ಸೇರಲಿಲ್ಲವಾದ ಕಾರಣ ಬಹುಪಾಲು ಬಸ್ಸುಗಳು ಓಡಿದವು. ಹಬ್ಬದ ಸಮಯದಲ್ಲಿ ಜನರಿಗೇಕೆ ತೊಂದರೆ ಎಂದು ಉಚ್ಚ ನ್ಯಾಯಾಲಯ ಕೇಳಿದ ಮೇಲೆ, ಮರುದಿನವೇ, 19ನೆಯ ತಾರೀಖಿನವರೆಗೆ ಮುಷ್ಕರವನ್ನು ತಡೆಹಿಡಿದರು. ಲೆಕ್ಕದಲ್ಲಿ ಎರಡು ದಿನ, ಅದೂ ಅರೆಬರೆ. ಆದರೆ ಪೇಟೆಯಿಂದ ದೂರವಿರುವ ಹಳ್ಳಿಯವನಿಗೆ “ಬಹುಪಾಲು ಬಸ್ಸು ಓಡುತ್ತಿವೆ” ಎಂಬ ಮಾತಿನಿಂದ ಏನೂ ಪ್ರಯೋಜನವಿಲ್ಲ. ಊರಿಗೆ ಬರುವುದು ಒಂದೇ ಬಸ್ಸು. ಅದು ಬಂದರೆ ಬಂತು. ಸಂಜೆ ಹಿಂದಿರುಗುವುದಕ್ಕೆ ಇರುತ್ತದೆಯೋ ಇಲ್ಲವೋ ಎಂಬ ಅನುಮಾನದಲ್ಲಿಯೇ ಅನೇಕರು ಹೋಗುವುದನ್ನು ಬಿಟ್ಟರು.

ಇಷ್ಟೆಲ್ಲ ಬರೆದುದರಿಂದ ನಾವು ನೌಕರರ ವಿರೋಧಿಗಳೆಂದು ಯಾರೂ ಭಾವಿಸಬಾರದು. ಉಪಾಧ್ಯಾಯರಾದವರು ಮುಷ್ಕರದ ವಿಷಯದಲ್ಲಿ ಹಗುರವಾಗಿ ಮಾತನಾಡುವಂತಿಲ್ಲ. 2003ರ ಜುಲೈಯಲ್ಲಿ ತಮಿಳುನಾಡಿನ ಸರ್ಕಾರಿ ನೌಕರರೂ ಉಪಾಧ್ಯಾಯರೂ ಮುಷ್ಕರ ಹೂಡಿದಾಗ ಲಕ್ಷಕ್ಕೂ ಮೀರಿದ ಜನರನ್ನು ಒಂದೇ ಏಟಿಗೆ ಕೆಲಸದಿಂದ ತೆಗೆದುಹಾಕಿದರು. ಮುಷ್ಕರ ಹೂಡುವುದು ಸರ್ಕಾರಿ ನೌಕರರ ಮೂಲಭೂತ ಹಕ್ಕಲ್ಲವೆಂದು ಆ ವರ್ಷದ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ತೆಗೆದವರಲ್ಲಿ ಬಹಳ ಮಂದಿಯನ್ನು ಆಮೇಲೆ ಹಿಂದಕ್ಕೆ ತೆಗೆದುಕೊಂಡರೂ, ಆ ದಿನಗಳ ಭಯವನ್ನು ನಮ್ಮ ವಯಸ್ಸಿನ ಉಪಾಧ್ಯಾಯರು ಮರೆತಿಲ್ಲ. ಬಸ್ಸಿನ ಚಾಲಕನದು ನಮ್ಮ ಕೆಲಸಕ್ಕಿಂತ ಕಠಿಣ. ಹೆಂಡತಿ ಮಕ್ಕಳನ್ನು ಬಿಟ್ಟು ಹಳ್ಳಿಯ ದೇವಸ್ಥಾನದ ಜಗುಲಿಯಲ್ಲೋ ಬಸ್ಸಿನ ಆಸನದ ಮೇಲೆಯೋ ಮಲಗಿ, ನಸುಕಿನಲ್ಲಿ ಎದ್ದು ಬಸ್ಸು ತೆಗೆಯುವವನು ಅವನು. ಮೂವತ್ತು ವರ್ಷ ಹೀಗೆ ದುಡಿದು ನಿವೃತ್ತನಾದ ಮೇಲೆ ತನಗೆ ಬರಬೇಕಾದ ಹಣಕ್ಕೆ ಕಚೇರಿಗೆ ಅಲೆಯಬೇಕಾದರೆ ಅವನು ಸಿಟ್ಟಾಗದೆ ಇರುತ್ತಾನೆಯೇ? ಟಿಕೆಟ್ಟಿನ ದರ 2011ರಿಂದ 2018ರವರೆಗೆ ಏರಿರಲಿಲ್ಲ. ಮುಷ್ಕರ ಮುಗಿದು ಒಂಬತ್ತನೆಯ ದಿನಕ್ಕೆ, ಜನವರಿ 20ಕ್ಕೆ, ದರವನ್ನು ಒಮ್ಮೆಗೇ ಏರಿಸಿದರು. ಮೂರು ರೂಪಾಯಿಯ ಕನಿಷ್ಠ ಟಿಕೆಟ್ಟು ಐದಾಯಿತು. ವಿದ್ಯಾರ್ಥಿಗಳು ಬೀದಿಗಿಳಿದ ಮೇಲೆ ನಾಲ್ಕಕ್ಕೆ ಇಳಿಯಿತು. ಬಸ್ಸಿಲ್ಲದ ಎಂಟು ದಿನ ಕಷ್ಟಪಟ್ಟವನೇ ಬಸ್ಸು ಬಂದ ಮೇಲೆ ಹೆಚ್ಚಿನ ದರವನ್ನೂ ತೆತ್ತ.

ಗಡಿಯಲ್ಲಿರುವ ನಮಗೆ ಇನ್ನೊಂದು ಪೀಡೆಯಿದೆ: ಎರಡು ರಾಜ್ಯಗಳ ಮುಷ್ಕರವೂ ನಮ್ಮ ಪಾಲಿಗೆ ಬರುತ್ತದೆ. ನಮ್ಮವರಲ್ಲಿ ಅನೇಕರು ಹೊಸೂರಿನ ಕಾರ್ಖಾನೆಗಳಲ್ಲಿಯೂ, ಅತ್ತಿಬೆಲೆಯನ್ನು ದಾಟಿ ಬೊಮ್ಮಸಂದ್ರ, ಬೆಂಗಳೂರುಗಳಲ್ಲಿಯೂ ದುಡಿಯುತ್ತಾರೆ. 2021ರಲ್ಲಿ ಏಪ್ರಿಲ್ 6ರಂದು ತಮಿಳುನಾಡಿನ ವಿಧಾನಸಭೆಗೆ ಮತದಾನವಾಯಿತು. ಮತಹಾಕಲು ಊರಿಗೆ ಬಂದವರು ಮರುದಿನ ಹಿಂದಿರುಗುವ ಹೊತ್ತಿಗೆ, ಆರನೆಯ ವೇತನ ಆಯೋಗದ ವೇತನ ಬೇಕೆಂದು ಕರ್ನಾಟಕದ ಸಾರಿಗೆ ನೌಕರರು ಮುಷ್ಕರವನ್ನಾರಂಭಿಸಿದ್ದರು. ಗಡಿಯ ಈಚೆಗೆ ಬಸ್ಸುಂಟು, ಆಚೆಗೆ ಇಲ್ಲ. ಆ ಮುಷ್ಕರ ಏಪ್ರಿಲ್ 21ರವರೆಗೂ ನಡೆಯಿತು. ನಡುವೆ 13ನೆಯ ತಾರೀಖು ಯುಗಾದಿ. ಖಾಸಗಿ ಬಸ್ಸುಗಳನ್ನೂ ಮ್ಯಾಕ್ಸಿಕ್ಯಾಬುಗಳನ್ನೂ ಸರ್ಕಾರಿ ನಿಲ್ದಾಣಗಳಲ್ಲಿಯೇ ನಿಲ್ಲಿಸಲು ಕರ್ನಾಟಕ ಸರ್ಕಾರ ಅನುಮತಿ ಕೊಟ್ಟಿತ್ತಾದರೂ, ಹಬ್ಬಕ್ಕೆ ಮಗ ಬರುತ್ತಾನೆಂದು ಕಾದು ಕುಳಿತ ಎಷ್ಟೋ ಮನೆಗಳಿಗೆ ಒಬ್ಬಟ್ಟಿನ ಹೊತ್ತಿಗೆ ಬಂದದ್ದು ದೂರವಾಣಿಯ ಕರೆ ಮಾತ್ರ. 2025ರ ಆಗಸ್ಟ್ 5ರಂದು ಕರ್ನಾಟಕದಲ್ಲಿ ಮತ್ತೆ ಮುಷ್ಕರ. ನ್ಯಾಯಾಲಯ ಅಡ್ಡಬಂದುದರಿಂದ ಅದು ಒಂದೇ ದಿನಕ್ಕೆ ನಿಂತಿತು. ಕಾವೇರಿಯ ಜಗಳ ಎದ್ದಾಗಲಂತೂ ಮುಷ್ಕರದ ಹೆಸರೂ ಬೇಡ. 2016ರ ಸೆಪ್ಟೆಂಬರಿನಲ್ಲಿ ತಮಿಳುನಾಡಿನ ಬಸ್ಸುಗಳು ಜೂಜುವಾಡಿಯಲ್ಲಿಯೇ ನಿಂತು, ಜನ ಗಂಟುಮೂಟೆ ಹೊತ್ತು ಅತ್ತಿಬೆಲೆಯವರೆಗೆ ನಡೆದುಹೋಗಿ ಆ ಕಡೆಯ ಬಸ್ಸು ಹಿಡಿಯಬೇಕಾಯಿತು. 2023ರ ಜೂನಿನಿಂದ ಕರ್ನಾಟಕದಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದಿದೆ. ಆದರೆ ಅದು ಕರ್ನಾಟಕದಲ್ಲಿ ನೆಲೆಸಿದವರಿಗೆ ಮಾತ್ರ. ಅಚ್ಚ ಕನ್ನಡ ಮಾತನಾಡುವ ನಮ್ಮ ತಳಿಯ ತಾಯಂದಿರು ಆನೇಕಲ್ಲಿನಲ್ಲಿ ಟಿಕೆಟ್ಟು ಕೊಂಡೇ ಹತ್ತಬೇಕು.

ಮುಷ್ಕರವನ್ನು ನಿಲ್ಲಿಸುವ ಉಪಾಯ ನಮ್ಮ ಬಳಿ ಇಲ್ಲ. ಅದು ಸರ್ಕಾರಕ್ಕೂ ಸಂಘಗಳಿಗೂ ಬಿಟ್ಟ ವಿಷಯ. ಪಾಸಿನ ವಿಷಯದಲ್ಲಿ ಮಾತ್ರ ಒಂದು ಸೂಚನೆಯನ್ನು ಮಾಡುತ್ತೇವೆ. ವಿದ್ಯಾರ್ಥಿಗಳ ಪಾಸಿನ ಬಾಬತ್ತು ಸರ್ಕಾರ ನಿಗಮಗಳಿಗೆ ಹಣ ತುಂಬಿಕೊಡುತ್ತದೆ. ಹೆಂಗಸರ ಉಚಿತ ಪ್ರಯಾಣಕ್ಕೂ ಹಾಗೆಯೇ. ನಿಗಮದ ಬಸ್ಸು ಓಡದ ದಿನಗಳಲ್ಲಿ ಆ ಹಣವನ್ನು ಅದೇ ಮಾರ್ಗದ ಖಾಸಗಿ ಬಸ್ಸು, ಮಿನಿ ಬಸ್ಸುಗಳಿಗೆ ಕೊಟ್ಟು, ಪಾಸು ತೋರಿಸಿದ ಮಕ್ಕಳನ್ನು ಹತ್ತಿಸಿಕೊಳ್ಳಬೇಕೆಂದು ಏಕೆ ಆಜ್ಞೆ ಮಾಡಬಾರದು? ಮಾರ್ಗದ ಪರವಾನಗಿ ಕೊಡುವುದು ಸರ್ಕಾರವೇ ಅಲ್ಲವೇ? ಪಾಸಿನ ಸಂಖ್ಯೆಯನ್ನು ಕಂಡಕ್ಟರ್ ಬರೆದುಕೊಂಡರೆ ಲೆಕ್ಕ ಸಿಕ್ಕುತ್ತದೆ. ಹೀಗೆ ಮಾಡಿದರೆ ಮುಷ್ಕರದ ಬಲ ಕುಂದುವುದೆಂದು ಸಂಘದವರು ಆಕ್ಷೇಪಿಸಬಹುದು. ಹತ್ತನೆಯ ತರಗತಿಯ ಮಕ್ಕಳನ್ನು ಶಾಲೆಯಿಂದ ಹೊರಗಿಟ್ಟು ತಾವು ಬಲ ಪಡೆಯಬೇಕೆಂದು ಯಾವ ಚಾಲಕನೂ ಬಯಸಲಾರನೆಂಬುದು ನಮ್ಮ ನಂಬಿಕೆ. ಅವನ ಮಕ್ಕಳೂ ಇದೇ ಬಸ್ಸುಗಳಲ್ಲಿ ಶಾಲೆಗೆ ಹೋಗುವವರು.

ಅಲ್ಲಿಯವರೆಗೆ ಊರಿನವರೇ ಮಾಡಿಕೊಳ್ಳಬಹುದಾದ ಏರ್ಪಾಡೂ ಒಂದಿದೆ. 2024ರಲ್ಲಿ ನೋಟೀಸಿನ ಸುದ್ದಿ ಬಂದ ಮೇಲೆ ನಮ್ಮ ಊರಿನಲ್ಲಿ ತಾಯಿತಂದೆಯರ ಸಭೆ ಸೇರಿಸಿ, ಪೇಟೆಗೆ ಹೋಗುವ ಹತ್ತು, ಹನ್ನೊಂದು, ಹನ್ನೆರಡನೆಯ ತರಗತಿಗಳ ಮಕ್ಕಳ ಹೆಸರು ಒಂದು ಕಡೆ, ವಾಹನವುಳ್ಳವರ ಹೆಸರು ಒಂದು ಕಡೆ ಬರೆದೆವು. ಹಾಲಿನ ವ್ಯಾನಿನವನು ತಾನಾಗಿಯೇ ಮುಂದೆ ಬಂದು, ಹೆಣ್ಣುಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುವೆನೆಂದನು. ನಾಲ್ವರಿಗೆ ಮಾತ್ರ ಸ್ಥಳ, ಬೆಳಿಗ್ಗೆ ಆರು ಗಂಟೆಗೆ ಸೊಸೈಟಿಯ ಮುಂದೆ ಸಿದ್ಧರಾಗಿರಬೇಕು, ಕ್ಯಾನು ತುಂಬಿದ ಮೇಲೆ ಒಂದು ನಿಮಿಷವೂ ಕಾಯಲಾರೆ ಎಂಬ ಷರತ್ತಿನೊಡನೆ. ಆ ನಾಲ್ಕು ಹೆಸರುಗಳನ್ನು ಆರಿಸಲು ನಮಗೆ ಒಂದು ಸಂಜೆಯೆಲ್ಲ ಹಿಡಿಯಿತು.